‘ಎ’ ಇರುವ ಮೂರಕ್ಷರದ ಪದಗಳು: ದೊಮ್ಮಲೂರಿನ ನಾಲ್ಕನೇ ತರಗತಿಗೆ ಒಂದು ಇಂಗ್ಲಿಷ್ ಪಾಠ

ಅಭ್ಯಾಸ ಬೋಧನೆಗೆ ಹೊರಟ ಪ್ರಶಿಕ್ಷಣಾರ್ಥಿ ತಮ್ಮ ಮೊದಲ ಇಂಗ್ಲಿಷ್ ಪಾಠಕ್ಕೆ ಏನನ್ನು ಆರಿಸಿಕೊಳ್ಳುತ್ತಾರೆಂದು ಊಹಿಸುವುದು ಕಷ್ಟವೇನಲ್ಲ. ಕ್ಯಾಟ್, ಬ್ಯಾಟ್, ರ‍್ಯಾಟ್, ಮ್ಯಾಟ್. ಮೂರೇ ಅಕ್ಷರ, ನಡುವೆ ಒಂದೇ ‘ಎ’. ಆರು ಮಿಂಚುಪಟ್ಟಿ, ಒಂದು ಬೆಕ್ಕಿನ ಚಿತ್ರ, ಒಂದು ಪ್ರಾಸದ ಹಾಡು ಇದ್ದರೆ ನಲವತ್ತು ನಿಮಿಷದ ಅವಧಿ ಸಲೀಸಾಗಿ ಸಾಗುತ್ತದೆ. “ಸಿ ಎ ಟಿ ಕ್ಯಾಟ್, ಕ್ಯಾಟ್ ಅಂದರೆ ಬೆಕ್ಕು” ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳುತ್ತದೆ. ಹಿಂದಿನ ಬೆಂಚಿನಲ್ಲಿ ಕುಳಿತ ಮಾರ್ಗದರ್ಶಕರು ಅವಲೋಕನ ಪುಸ್ತಕದಲ್ಲಿ ‘ಮಕ್ಕಳ ಭಾಗವಹಿಸುವಿಕೆ ಉತ್ತಮ’ ಎಂದು ಬರೆಯುತ್ತಾರೆ. ಆಮೇಲೆ ಯಾರಾದರೂ ಎದ್ದು, ಆ ದಿನ ಕಲಿಸದ ಒಂದು ಪದವನ್ನು, ಎಂ-ಎ-ಪಿ ಎಂದು ಹಲಗೆಯ ಮೇಲೆ ಬರೆದು ಓದಿಸಿದರೆ ಕೇಳಿಬರುವುದು “ಎಮ್ಮೇಪಿ”, ಇಲ್ಲವೇ “ಮೇಪ್”. ಬಹುಪಾಲು ಮಕ್ಕಳು ಸುಮ್ಮನಿರುತ್ತಾರೆ.

ಇದನ್ನು ಸಣ್ಣ ಸಂಗತಿ ಎಂದು ಬಿಡುವಂತಿಲ್ಲ. ಕರ್ನಾಟಕದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂದಿದೆ. ಅಂದರೆ ನಾಲ್ಕನೇ ತರಗತಿಯ ಮಗು ಆಗಲೇ ಮೂರು ವರ್ಷ ಇಂಗ್ಲಿಷ್ ಪುಸ್ತಕ ಹಿಡಿದಿದೆ. ಈ ಹಂತದಲ್ಲಿಯೂ ಕಾಣದ ಮೂರಕ್ಷರದ ಪದವನ್ನು ಓದಲಾಗದಿದ್ದರೆ ಮುಂದಿನ ವರ್ಷದ ಪಾಠವೆಲ್ಲ ಹಲಗೆಯಿಂದ ನೋಟ್‌ಬುಕ್ಕಿಗೆ ನಕಲಿಳಿಸುವ ಕೆಲಸವಾಗುತ್ತದೆ. ‘ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಬರುವುದಿಲ್ಲ’ ಎಂದು ಸಾಲ ಮಾಡಿ ಪಕ್ಕದ ಖಾಸಗಿ ಶಾಲೆಗೆ ಮಗುವನ್ನು ಸೇರಿಸುವ ತಂದೆತಾಯಿಯರು ದೊಮ್ಮಲೂರಿನಲ್ಲಿ ಧಾರಾಳವಾಗಿ ಇದ್ದಾರೆ. ಅವರ ಮಾತು ಸುಳ್ಳಾಗಬೇಕಾದರೆ ಅದು ಶುರುವಾಗಬೇಕಾದ್ದು ಇಂಥ ಪಾಠದಿಂದಲೇ.

ಬರವಣಿಗೆಯ ಅನುಕೂಲಕ್ಕೆ ಒಂದು ಮಾತು. ಇಂಗ್ಲಿಷ್ ಅಕ್ಷರದ ಹೆಸರನ್ನು ಇಲ್ಲಿ ಉದ್ಧರಣ ಚಿಹ್ನೆಯೊಳಗೆ ‘ಎ’, ‘ಬಿ’ ಎಂದು ಕೊಟ್ಟಿದೆ. ಪದವನ್ನು ಬಿಡಿಸಿ ಹೇಳುವಾಗ ಅಡ್ಡಗೆರೆ ಹಾಕಿದೆ. ಈ ಲೇಖನ ಶಿಕ್ಷಕರಿಗಾಗಿ ಇರುವುದರಿಂದ ಇಂಗ್ಲಿಷ್ ಪದಗಳೆಲ್ಲ ಕನ್ನಡ ಲಿಪಿಯಲ್ಲಿವೆ. ಕಪ್ಪುಹಲಗೆಯ ಮೇಲೆ ಹೀಗೆ ಬರೆಯಬಾರದು. ಅದರ ಕಾರಣ ಮುಂದೆ ಬರುತ್ತದೆ.

ಮಗು “ಮೇಪ್” ಎಂದು ಓದಿದ್ದು ದಡ್ಡತನದಿಂದಲ್ಲ. ಅದು ತನಗೆ ಗೊತ್ತಿರುವ ನಿಯಮವನ್ನು ಸರಿಯಾಗಿಯೇ ಅನ್ವಯಿಸಿದೆ. ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಧ್ವನಿ. ‘ಮ’ ಎಂಬ ಅಕ್ಷರವನ್ನು ‘ಮ’ ಎಂದೇ ಕರೆಯುತ್ತೇವೆ, ‘ಮ’ ಎಂದೇ ಓದುತ್ತೇವೆ. ಇಂಗ್ಲಿಷಿನಲ್ಲಿ ಹೆಸರು ಒಂದು, ಧ್ವನಿ ಇನ್ನೊಂದು. ನಮ್ಮ ಮಕ್ಕಳು ಬಾಯಿಪಾಠ ಮಾಡಿರುವ ಸಾಲುಗಳನ್ನೇ ಗಮನವಿಟ್ಟು ಕೇಳಿ: ಎ ಫಾರ್ ಆಪಲ್, ಇ ಫಾರ್ ಎಲಿಫೆಂಟ್, ಐ ಫಾರ್ ಇಂಕ್. ‘ಎ’ ಎಂದು ಹೆಸರಿರುವುದು ಆ ಎನ್ನುತ್ತದೆ, ‘ಇ’ ಎಂದು ಹೆಸರಿರುವುದು ಎ ಎನ್ನುತ್ತದೆ, ‘ಐ’ ಎಂದು ಹೆಸರಿರುವುದು ಇ ಎನ್ನುತ್ತದೆ. ಕನ್ನಡ ವರ್ಣಮಾಲೆ ಕಲಿತ ಮಗುವಿಗೆ ಇದು ಬೇಕೆಂದೇ ಮಾಡಿದ ತಲೆಹರಟೆಯಂತೆ ಕಾಣಬೇಕು. ಪೆನ್ ಎಂಬುದನ್ನು ‘ಪಿನ್’ ಎಂದೂ, ಪಿನ್ ಎಂಬುದನ್ನು ‘ಪೈನ್’ ಎಂದೂ ಓದುವ ಮಕ್ಕಳು ಎಲ್ಲ ಶಾಲೆಗಳಲ್ಲೂ ಸಿಗುತ್ತಾರೆ. ಅವರು ಅಕ್ಷರದ ಹೆಸರನ್ನು ನಂಬಿದ್ದಾರೆ, ಅಷ್ಟೆ.

ವ್ಯಂಜನಗಳ ಹೆಸರೂ ಒಂದೇ ಕ್ರಮದಲ್ಲಿಲ್ಲ. ‘ಬಿ’, ‘ಡಿ’, ‘ಕೆ’, ‘ಪಿ’, ‘ಟಿ’ಗಳಲ್ಲಿ ಧ್ವನಿ ಹೆಸರಿನ ಮೊದಲಿಗಿದೆ. ‘ಎಫ್’, ‘ಎಲ್’, ‘ಎಂ’, ‘ಎನ್’, ‘ಎಸ್’ಗಳಲ್ಲಿ ಕೊನೆಗಿದೆ. ‘ಎಚ್’, ‘ವೈ’, ‘ಡಬ್ಲ್ಯೂ’ಗಳ ಹೆಸರಿನಲ್ಲಿ ಅವುಗಳ ಧ್ವನಿ ಹುಡುಕಿದರೂ ಸಿಗದು. ‘ಸಿ’ ಮತ್ತು ‘ಜಿ’ ಇನ್ನೂ ಕಷ್ಟ: ಹೆಸರು ಹೇಳುವುದು ಸ್ ಮತ್ತು ಜ್; ಕ್ಯಾಟ್, ಗ್ಯಾಸ್ ಪದಗಳಲ್ಲಿ ಬರುವುದು ಕ್ ಮತ್ತು ಗ್. ಹೀಗಿರುವಾಗ ‘ಸಿ ಎ ಟಿ’ ಎಂದು ನೂರು ಸಲ ಹೇಳಿಸಿದರೂ ಅದರಿಂದ ‘ಕ್ಯಾಟ್’ ಹುಟ್ಟುವುದಿಲ್ಲ. ಮಕ್ಕಳು ಎರಡನ್ನೂ ಬೇರೆಬೇರೆಯಾಗಿ ನೆನಪಿಟ್ಟುಕೊಳ್ಳುತ್ತಾರೆ. ಹಾಗಾಗಿ ಈ ಪಾಠದ ಮಟ್ಟಿಗೆ ಅಕ್ಷರದ ಹೆಸರನ್ನು ಬದಿಗಿಟ್ಟು, ಕ್, ಆ್ಯ, ಟ್ ಎಂದು ಧ್ವನಿಯನ್ನಷ್ಟೇ ಹೇಳಿ. ‘ಕ’, ‘ಟ’ ಎಂದು ಅಕಾರ ಸೇರಿಸಿದರೆ ಮಗು ‘ಕ್ಯಾಟ’ ಎನ್ನುತ್ತದೆ. ಅರ್ಧಾಕ್ಷರವೆಂದರೆ ಏನೆಂದು ಕನ್ನಡ ಓದುವ ಮಗುವಿಗೆ ಚೆನ್ನಾಗಿ ಗೊತ್ತು, ಅದನ್ನು ಬಳಸಿಕೊಳ್ಳಿ.

ಇನ್ನು ಆ ಆ್ಯ ಎಂಬ ಸ್ವರ. ಅದು ನಮ್ಮ ವರ್ಣಮಾಲೆಯಲ್ಲಿಲ್ಲ, ಆದ್ದರಿಂದ ನಮ್ಮ ಮಕ್ಕಳಿಗೆ ಕಷ್ಟ ಎಂದು ಹಲವು ಪಾಠಯೋಜನೆಗಳಲ್ಲಿ ಬರೆದಿರುತ್ತದೆ. ಮೊದಲರ್ಧ ನಿಜ, ಉಳಿದರ್ಧ ನಿಜವಲ್ಲ. ವರ್ಣಮಾಲೆಯಲ್ಲಿ ಇಲ್ಲದ್ದು ಮಕ್ಕಳ ನಾಲಗೆಯ ಮೇಲಿದೆ. ಬೇಡ ಎನ್ನುವುದನ್ನು ‘ಬ್ಯಾಡ’, ಪೇಟೆಯನ್ನು ‘ಪ್ಯಾಟೆ’, ಮೇಲೆ ಎನ್ನುವುದನ್ನು ‘ಮ್ಯಾಲೆ’, ಬೇಳೆಯನ್ನು ‘ಬ್ಯಾಳೆ’ ಎನ್ನುವ ಮನೆಗಳಿಂದ ಬಂದ ಮಕ್ಕಳು ತರಗತಿಯಲ್ಲಿದ್ದಾರೆ. ‘ಬ್ಯಾಡ ಮಿಸ್’ ಎನ್ನುವ ಹುಡುಗಿಗೆ ಇಂಗ್ಲಿಷಿನ ‘ಬ್ಯಾಡ್’ ಹೇಳಿಕೊಡಬೇಕಾದ ಅಗತ್ಯವೇ ಇಲ್ಲ. ಬೆಳಿಗ್ಗೆಯ ಕನ್ನಡ ಅವಧಿಯಲ್ಲಿ “ಬ್ಯಾಡ ಅನ್ನಬಾರದು, ಬೇಡ ಅನ್ನು” ಎಂದು ತಿದ್ದಿ, ಮಧ್ಯಾಹ್ನದ ಇಂಗ್ಲಿಷ್ ಅವಧಿಯಲ್ಲಿ ಅದೇ ಸ್ವರಕ್ಕಾಗಿ ಆ ಮಗುವಿನ ಬಾಯಿ ಅಗಲ ಮಾಡಿಸುವುದನ್ನು ನೋಡಿದಾಗ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಬರೆಯುವಾಗ ‘ಬೇಡ’ ಎಂದು ಬರೆಯಲಿ. ಆದರೆ ಮನೆಯ ಮಾತನ್ನು ಹಳ್ಳಿಯ ಮಾತೆಂದು ತಳ್ಳುವ ಮೊದಲು, ಅದರಲ್ಲಿ ನಮ್ಮ ಪಾಠಕ್ಕೆ ಬೇಕಾದದ್ದು ಏನಿದೆ ಎಂದು ಕೇಳಿಸಿಕೊಳ್ಳಬೇಕು. ಪಾಠದ ಪೀಠಿಕೆಗೆ ಬೆಕ್ಕಿನ ಚಿತ್ರಕ್ಕಿಂತ ‘ಪ್ಯಾಟೆ’ ಒಳ್ಳೆಯದು. “ನಿಮ್ಮಜ್ಜಿ ಪೇಟೆಗೆ ಏನಂತಾರೆ?” ಎಂದು ಕೇಳಿ, ಮಕ್ಕಳು ಹೇಳಿದ ಪದದಿಂದ ಆ ಸ್ವರವನ್ನು ಎತ್ತಿಕೊಂಡು, ಹಲಗೆಯ ಮೇಲೆ ಇಂಗ್ಲಿಷಿನ ‘ಎ’ ಬರೆದು, “ಇದು ಈ ಪದಗಳಲ್ಲಿ ಹೀಗೆ ಕೂಗುತ್ತದೆ” ಎಂದು ತೋರಿಸಿ.

ದೊಮ್ಮಲೂರಿನಲ್ಲಿ ಮಕ್ಕಳೆಲ್ಲರ ಮನೆಮಾತು ಕನ್ನಡವಲ್ಲ. ಈ ಊರು ಒಂದೇ ಭಾಷೆಯದಾಗಿ ಇದ್ದದ್ದೂ ಕಡಿಮೆ. ಇಲ್ಲಿನ ಚೊಕ್ಕನಾಥಸ್ವಾಮಿ ದೇವಾಲಯದ ಹಳೆಯ ತಮಿಳು ಶಾಸನಗಳಲ್ಲಿ ಇದರ ಹೆಸರು ತೊಂಬಲೂರು. ಇಂದು ಒಂದೇ ಬೆಂಚಿನಲ್ಲಿ ತಮಿಳು, ತೆಲುಗು, ಉರ್ದು, ಹಿಂದಿ ಮನೆಗಳ ಮಕ್ಕಳು ಕೂರುತ್ತಾರೆ. ಇದನ್ನು ತೊಂದರೆ ಎಂದು ಪಾಠಯೋಜನೆಯಲ್ಲಿ ನಮೂದಿಸುವ ಬದಲು ಈ ಸ್ವರಕ್ಕೆ ಅವರ ಹತ್ತಿರ ಏನಿದೆ ಎಂದು ನೋಡಬಹುದು. ತೆಲುಗಿನವರು ‘ಮೇಕ’ ಎಂದು ಬರೆಯುವ ಆಡನ್ನು ಮಾತಿನಲ್ಲಿ ‘ಮ್ಯಾಕ’ ಎನ್ನುತ್ತಾರೆ. ಹಿಂದಿಯವರ ‘ಹೈ’, ‘ಪೈಸಾ’ಗಳ ಸ್ವರವೂ ಇದರ ಸಮೀಪದ್ದೇ, ಬ್ಯಾಟ್ ಎಂಬುದನ್ನು ನಾಗರಿಯಲ್ಲಿ ಬರೆಯುವಾಗ ಐಕಾರದ ಗುರುತನ್ನೇ ಹಾಕುತ್ತಾರೆ. ತಮಿಳು ಲಿಪಿಯಲ್ಲಿ ಕ-ಗ, ಪ-ಬ ಜೋಡಿಗಳಿಗೆ ಒಂದೊಂದೇ ಅಕ್ಷರ. ಆದ್ದರಿಂದ ಬ್ಯಾಗ್–ಬ್ಯಾಕ್, ಕ್ಯಾಪ್–ಕ್ಯಾಬ್ ಜೋಡಿಗಳನ್ನು ಕಿವಿಗೆ ಇನ್ನೊಂದು ಸಲ ಹಾಕುವುದು ಒಳ್ಳೆಯದು. ಆದರೆ ಬೆಂಗಳೂರಿನಲ್ಲಿ ಬೆಳೆದ ತಮಿಳು ಮನೆಯ ಮಗುವಿಗೆ ಇದು ಬರುವುದೇ ಇಲ್ಲವೆಂದು ಮೊದಲೇ ತೀರ್ಮಾನಿಸಬೇಡಿ. ಕೇಳಿ ನೋಡಿ.

ಪದಗಳನ್ನು ಯಾವ ಗುಂಪಿನಲ್ಲಿ ಕೊಡಬೇಕು ಎಂಬುದು ನನ್ನ ದೃಷ್ಟಿಯಲ್ಲಿ ಈ ಪಾಠದ ಮುಖ್ಯ ಪ್ರಶ್ನೆ. ಇಂಗ್ಲಿಷ್ ಪುಸ್ತಕಗಳಲ್ಲಿ ಕ್ಯಾಟ್, ಬ್ಯಾಟ್, ಮ್ಯಾಟ್, ಹ್ಯಾಟ್ ಎಂದು ಬಾಲ ಒಂದೇ ಆಗಿರುವ ಪದಗಳು ಒಟ್ಟಿಗೆ ಬರುತ್ತವೆ. ಇಂಗ್ಲಿಷಿನ ಶಿಶುಪ್ರಾಸ ಸಾಲಿನ ಕೊನೆಯಲ್ಲಿರುವುದರಿಂದ ಅಲ್ಲಿನ ಮಕ್ಕಳ ಕಿವಿಗೆ ಅದು ಸಹಜ. ನಮ್ಮ ಮಗು ಓದುವುದು ಅಕ್ಷರವನ್ನು, ಅಂದರೆ ವ್ಯಂಜನ ಮತ್ತು ಸ್ವರ ಕೂಡಿದ ಗುಣಿತಾಕ್ಷರವನ್ನು. ಕ್ಯಾಟ್ ಎಂಬುದು ಅದಕ್ಕೆ ಕ್ಯಾ ಮತ್ತು ಟ್. ‘ಕ್’ ಮತ್ತು ‘ಆ್ಯಟ್’ ಎಂದು ಒಡೆಯುವುದು ಅದಕ್ಕೆ ಕೃತಕ. (ನಮ್ಮ ಹಳೆಯ ಪದ್ಯಗಳ ಪ್ರಾಸವೂ ಸಾಲಿನ ಎರಡನೆಯ ಅಕ್ಷರದಲ್ಲಿ ಬರುತ್ತದೆ, ಕೊನೆಯಲ್ಲಿ ಅಲ್ಲ.) ಆದ್ದರಿಂದ ಕಾಗುಣಿತದ ದಾರಿ ಹಿಡಿದು, ತಲೆ ಒಂದೇ ಆಗಿರುವ ಪದಗಳನ್ನು ಕೊಡುವುದು ನಮ್ಮ ತರಗತಿಗೆ ಹೊಂದುತ್ತದೆ: ಕ್ಯಾಟ್, ಕ್ಯಾಪ್, ಕ್ಯಾನ್, ಕ್ಯಾಬ್, ಮ್ಯಾಟ್, ಮ್ಯಾಪ್, ಮ್ಯಾನ್, ಮ್ಯಾಡ್, ಬ್ಯಾಟ್, ಬ್ಯಾಗ್, ಬ್ಯಾಡ್. ‘ಸಿ’ಯ ಕ್ ಮತ್ತು ‘ಎ’ಯ ಆ್ಯ ಕೂಡಿ ಕ್ಯಾ ಆಯಿತು ಎಂದರೆ ಮಕ್ಕಳಿಗೆ ಹೊಸದೇನೂ ಅನಿಸುವುದಿಲ್ಲ, ಕಾಗುಣಿತ ಮಾಡಿದವರೇ ತಾನೆ. ಇದರಲ್ಲಿ ಇನ್ನೊಂದು ಲಾಭವಿದೆ. ಬಾಲ ಒಂದೇ ಇರುವ ಗುಂಪಿನಲ್ಲಿ ಮಗು ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸಿಬಿಡುತ್ತದೆ. ನಡುವಿನ ‘ಎ’ಯನ್ನು ನೋಡುವುದೇ ಇಲ್ಲ. ತಲೆ ಒಂದೇ ಇರುವ ಗುಂಪಿನಲ್ಲಿ ಕಣ್ಣು ಪದದ ಕೊನೆಯವರೆಗೂ ಹೋಗಲೇಬೇಕು. ಎರಡು ದಿನ ಹೀಗೆ ಮಾಡಿ ಆಮೇಲೆ ಬೆಕ್ಕು-ಇಲಿಯ ಪ್ರಾಸದ ಹಾಡನ್ನು ಧಾರಾಳವಾಗಿ ಹಾಡಿಸಿ.

ಅರ್ಥದ ವಿಚಾರಕ್ಕೆ ಬರೋಣ. ಈ ಪದಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮಕ್ಕಳ ಮನೆಯಲ್ಲೇ ಇವೆ. ಬ್ಯಾಗು, ಫ್ಯಾನು, ಗ್ಯಾಸು, ಬ್ಯಾಟು, ವ್ಯಾನು, ನೀರಿನ ಕ್ಯಾನು. ಶಾಲೆಯ ಗೇಟಿನಿಂದ ಫ್ಲೈಓವರ್‌ವರೆಗೆ ನಡೆದರೆ ಬೋರ್ಡುಗಳಲ್ಲಿ, ವಾಹನಗಳ ಮೇಲೆ ಇನ್ನಷ್ಟು ಸಿಗುತ್ತವೆ. ಇಂದಿರಾನಗರ ಆರ್‌ಟಿಒ ವ್ಯಾಪ್ತಿಯ ಗಾಡಿಗಳ ಮೇಲಿನ ‘ಕೆಎ 03’ರಲ್ಲಿ ಅದೇ ‘ಎ’ ಇದೆ, ಅಲ್ಲಿ ಅದು ತನ್ನ ಹೆಸರನ್ನು ಹೇಳುತ್ತದೆ. ಹಳೆಯ ಬೋರ್ಡುಗಳಲ್ಲಿ ‘ಬ್ಯಾಂಗಲೂರ್’ ಎಂದು ಉಳಿದುಕೊಂಡ ಕಡೆ ‘ಎ’ ಎರಡು ಸಲ ಬಂದು ಒಮ್ಮೆ ಆ್ಯ, ಒಮ್ಮೆ ಅ ಎನ್ನುತ್ತದೆ. ನಾಲ್ಕನೇ ತರಗತಿಗೆ ಇಷ್ಟು ವಿವರ ಬೇಕಿಲ್ಲ. ಆದರೆ “ಬರುವಾಗ ದಾರಿಯಲ್ಲಿ ‘ಎ’ ಇರುವ ಮೂರಕ್ಷರದ ಪದ ನೋಡಿ ಬರೆದುಕೊಂಡು ಬನ್ನಿ” ಎಂಬ ಮನೆಗೆಲಸ ಯಾವ ಮಿಂಚುಪಟ್ಟಿಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ. ‘ಬಾರ್’ ಎಂದು ಬರೆದುಕೊಂಡು ಬರುವವರು ಇದ್ದೇ ಇರುತ್ತಾರೆ. ಗಾಬರಿಯಾಗಬೇಡಿ, ಸೋಪಿನ ಬಾರೂ ಇದೆಯಲ್ಲ.

“ಕ್ಯಾಟ್ ಅಂದರೆ ಬೆಕ್ಕು” ಎಂಬ ಸೂತ್ರ ಎಲ್ಲಿ ಮುರಿಯುತ್ತದೆ ಎಂಬುದು ಇಲ್ಲಿ ಕಾಣುತ್ತದೆ. ಬ್ಯಾಟ್ ಅಂದರೆ ಏನು? ಕ್ರಿಕೆಟ್ಟಿನದೂ ಹೌದು, ಬಾವಲಿಯೂ ಹೌದು. ಫ್ಯಾನ್ ಅಂದರೆ ಮೇಲೆ ತಿರುಗುವುದು; “ನಾನು ಅಪ್ಪು ಫ್ಯಾನು” ಎನ್ನುವ ಹುಡುಗನೂ ಫ್ಯಾನೇ. ಟ್ಯಾಪ್ ಎಂದರೆ ನಲ್ಲಿ, ಮೆಲ್ಲಗೆ ತಟ್ಟುವುದು ಕೂಡ. ಪ್ಯಾನ್ ಎಂದು ಕೇಳಿದರೆ ಬಾಣಲೆಗಿಂತ ಮೊದಲು ‘ಪ್ಯಾನ್ ಕಾರ್ಡ್’ ಬರುತ್ತದೆ. ಅದು ಬೇರೆ ಮೂರು ಪದಗಳ ಮೊದಲಕ್ಷರಗಳ ಕೂಟವೆಂದು ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗಬಹುದು. ಕ್ಯಾನ್ ಇವೆಲ್ಲಕ್ಕಿಂತ ಮುಖ್ಯ. ಮಕ್ಕಳಿಗೆ ಗೊತ್ತಿರುವುದು ಇಪ್ಪತ್ತು ಲೀಟರಿನ ನೀರಿನ ಕ್ಯಾನು; ಪುಸ್ತಕದಲ್ಲಿ ಬರುವುದು ‘ಐ ಕ್ಯಾನ್ ರನ್’. ಎರಡೂ ಒಂದೇ ಅಕ್ಷರ, ಒಂದೇ ಧ್ವನಿ. ಆದರೆ ಎರಡನೆಯದಕ್ಕೆ ತೋರಿಸಲು ವಸ್ತುವಿಲ್ಲ, ಚಿತ್ರವಿಲ್ಲ. ‘ನನಗೆ ಓಡಲು ಬರುತ್ತದೆ’ ಎಂದು ಕನ್ನಡದಲ್ಲಿ ಹೇಳಿದರೆ ಒಂದೇ ಕ್ಷಣದಲ್ಲಿ ಆಗುವ ಕೆಲಸಕ್ಕೆ ಐದು ನಿಮಿಷ ಅಭಿನಯ ಮಾಡುವುದು ವ್ಯರ್ಥ. ವಸ್ತುವಿದ್ದರೆ ವಸ್ತು ತೋರಿಸಿ, ಇಲ್ಲದಿದ್ದರೆ ಕನ್ನಡದಲ್ಲಿ ಹೇಳಿ, ಎರಡೂ ಆದ ಮೇಲೆ ಪದವನ್ನು ಒಂದು ವಾಕ್ಯದೊಳಗೆ ಇಡಿ. ಅರ್ಥ ಕೊನೆಗೆ ನಿಲ್ಲುವುದು ವಾಕ್ಯದಲ್ಲಿ.

ಮನೆಯಲ್ಲಿ ಬಳಸುವ ಪದಕ್ಕೂ ಹಲಗೆಯ ಪದಕ್ಕೂ ಒಂದು ವ್ಯತ್ಯಾಸವಿದೆ, ಅದನ್ನು ಮಕ್ಕಳೇ ಕಂಡುಹಿಡಿಯುತ್ತಾರೆ. ಕನ್ನಡ ಮಾತು ವ್ಯಂಜನದಲ್ಲಿ ನಿಲ್ಲಲು ಒಪ್ಪದೆ ಉಕಾರ ಸೇರಿಸಿಕೊಳ್ಳುತ್ತದೆ. ಅದೂ ಒಂದು ಲೆಕ್ಕದಿಂದ: ಸ್ವರ ಹ್ರಸ್ವವಾಗಿದ್ದರೆ ವ್ಯಂಜನ ಇಮ್ಮಡಿಯಾಗುತ್ತದೆ, ಬಸ್ಸು, ಪೆನ್ನು, ಬುಕ್ಕು, ನಟ್ಟು. ದೀರ್ಘವಾಗಿದ್ದರೆ ಒಂಟಿಯಾಗಿ ಉಳಿಯುತ್ತದೆ, ಕಾರು, ಗೇಟು, ರೋಡು. ‘ಎ’ ಪದಗಳು ಯಾವ ಕಡೆ? ಬ್ಯಾಗು, ಗ್ಯಾಸು, ಫ್ಯಾನು. ‘ಬ್ಯಾಗ್ಗು’ ಎಂದು ಯಾರೂ ಹೇಳುವುದಿಲ್ಲ. ಇಂಗ್ಲಿಷ್ ವ್ಯಾಕರಣ ಹ್ರಸ್ವವೆನ್ನುವ ಈ ಸ್ವರವನ್ನು ಕನ್ನಡದ ಕಿವಿ ದೀರ್ಘವೆಂದು ಎಣಿಸಿದೆ. ಪೆನ್–ಪ್ಯಾನ್, ಬೆಡ್–ಬ್ಯಾಡ್, ಮೆನ್–ಮ್ಯಾನ್ ಜೋಡಿಗಳನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಆಸರೆ ಬೇಕಿಲ್ಲ: ಪೆನ್ನು ಎಂದಾಗ ಇಮ್ಮಡಿ, ಫ್ಯಾನು ಎಂದಾಗ ಒಂಟಿ. ಆಮೇಲೆ ಬಾಲದ ಉಕಾರವನ್ನು ಕತ್ತರಿಸುವ ಆಟ ಆಡಿಸಿ. ಶಿಕ್ಷಕಿ “ಬ್ಯಾಗು” ಎಂದರೆ ಮಕ್ಕಳು ಕೈ ಕತ್ತರಿಯಾಡಿಸಿ “ಬ್ಯಾಗ್” ಎನ್ನಬೇಕು.

‘ಎ’ಯ ಉಳಿದ ಧ್ವನಿಗಳನ್ನು ಇದೇ ಪಾಠದಲ್ಲಿ ತರಬೇಡಿ. ಮಕ್ಕಳು ಕೇಳಿದರೆ ಮಾತ್ರ ಇಷ್ಟು ಹೇಳಿ: ಪಕ್ಕದಲ್ಲಿ ‘ಆರ್’ ಇದ್ದರೆ ಕಾರ್, ಬಾರ್, ಜಾರ್, ಎರಡು ‘ಎಲ್’ ಇದ್ದರೆ ಬಾಲ್, ಕಾಲ್, ಹಾಲ್. (“ಅಪ್ಪ ಹಾಲಲ್ಲಿ ಕೂತಿದ್ದಾರೆ” ಎಂಬ ನಮ್ಮ ಮನೆಗಳ ವಾಕ್ಯವನ್ನು ಬಿಡಿಸಿ ನೋಡಿದರೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ.) ಕೊನೆಯಲ್ಲಿ ಕೂಗದ ‘ಇ’ ಬಂದರೆ ‘ಎ’ ತನ್ನ ಹೆಸರನ್ನೇ ಹೇಳಿಕೊಳ್ಳುತ್ತದೆ: ಟ್ಯಾಪ್ ಹೋಗಿ ಟೇಪ್, ರ‍್ಯಾಟ್ ಹೋಗಿ ರೇಟ್, ಕ್ಯಾನ್ ಹೋಗಿ ಕೇನ್. ‘ಮೇಪ್’ ಎಂದು ಓದಿದ ಮಗುವಿನ ನಿಯಮಕ್ಕೂ ಒಂದು ಜಾಗವಿದೆ, ಅದು ಮುಂದಿನ ತಿಂಗಳ ಪಾಠ.

ಈಗ ಕನ್ನಡ ಲಿಪಿಯ ಮಾತು. ಪ್ರತಿ ಇಂಗ್ಲಿಷ್ ಪದದ ಕೆಳಗೆ ಅದರ ಉಚ್ಚಾರಣೆಯನ್ನು ಕನ್ನಡದಲ್ಲಿ ಬರೆಯಿಸುವ ರೂಢಿ ವ್ಯಾಪಕವಾಗಿದೆ, ಅದಕ್ಕೆ ನನ್ನ ವಿರೋಧವಿದೆ. ಎರಡು ಸಾಲಿದ್ದರೆ ಕಣ್ಣು ಸುಲಭವಾದದ್ದಕ್ಕೇ ಹೋಗುತ್ತದೆ. ಮಗು ಓದುವುದು ಕನ್ನಡವನ್ನು, ಶಿಕ್ಷಕರು ನಂಬುವುದು ಇಂಗ್ಲಿಷ್ ಓದಿತೆಂದು. ಜೊತೆಗೆ ಯಾ ಒತ್ತಿನ ಗೊಂದಲವೂ ಇದೆ: ‘ಕ್ಯಾಟ್’ ಎಂಬ ಬರಹವನ್ನು ಸಂಯುಕ್ತಾಕ್ಷರದಂತೆ ‘ಕ್‌ಯಾಟ್’ ಎಂದು ಓದುವವರಿದ್ದಾರೆ. ಆದರೆ ಲಿಪಿ ಬೇಡವೆಂದರೆ ಕನ್ನಡ ಮಾತೇ ಬೇಡವೆಂದಲ್ಲ. ಇಂಗ್ಲಿಷ್ ಅವಧಿಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಕೇಳಿಸಬಾರದು ಎಂಬ ಹಳೆಯ ಕಟ್ಟಳೆಯಿಂದ ಹೆದರಿ ಮೌನವಾಗುವುದು ಮೊದಲು ಪ್ರಶಿಕ್ಷಣಾರ್ಥಿ, ಆಮೇಲೆ ಮಕ್ಕಳು.

1963ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಹೆಸರನ್ನು ನೀವು ಕೇಳಿರುತ್ತೀರಿ. ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ, ಪ್ರಪಂಚದಾದ್ಯಂತ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾದ ಪ್ರಯೋಗ ಈ ಊರಿನ ತರಗತಿಗಳಿಗೆ ಸಂಬಂಧಪಟ್ಟದ್ದು. ನಕ್ಷೆ ನೋಡಿ ದಾರಿ ಹುಡುಕು, ವೇಳಾಪಟ್ಟಿ ನೋಡಿ ಉತ್ತರ ಹೇಳು ಎಂಬಂಥ ಕೆಲಸ ಕೊಟ್ಟು, ಮಗುವಿನ ಗಮನ ಅರ್ಥದ ಮೇಲಿರುವಾಗ ಭಾಷೆ ತಾನಾಗಿ ಬೆಳೆಯುತ್ತದೆ ಎಂಬುದು ಅದರ ತಿರುಳು. ಅಕ್ಷರ ಓದಿಸುವ ನಮ್ಮ ಪಾಠಕ್ಕೆ ಅದು ನೇರವಾಗಿ ಉತ್ತರ ಕೊಡುವುದಿಲ್ಲ. ಆದರೂ ಪಾಠದ ಕೊನೆಯ ಹತ್ತು ನಿಮಿಷ ಅಲ್ಲಿಂದ ಪಡೆಯಬಹುದು. ‘ಪುಟ್ ದ ಕ್ಯಾಪ್ ಇನ್ ದ ಬ್ಯಾಗ್’, ‘ಪುಟ್ ದ ಬ್ಯಾಟ್ ಆನ್ ದ ಮ್ಯಾಟ್’ ಎಂದು ಚೀಟಿಗಳಲ್ಲಿ ಬರೆದು ಹಂಚಿ. ಚೀಟಿ ಪಡೆದ ಮಗು ಬಾಯಿ ಬಿಡದೆ ಓದಿಕೊಂಡು, ಹಾಗೆಯೇ ಮಾಡಿ ತೋರಿಸಬೇಕು. ಉಳಿದವರು ಚೀಟಿಯಲ್ಲಿ ಏನಿತ್ತೆಂದು ಹೇಳಬೇಕು. ಕ್ಯಾಪ್‌ನ ಬದಲು ಮ್ಯಾಪ್ ಎತ್ತಿದರೆ ಯಾವ ಅಕ್ಷರದಲ್ಲಿ ಎಡವಿದೆ ಎಂದು ತಕ್ಷಣ ಗೊತ್ತಾಗುತ್ತದೆ.

ಮೌಲ್ಯಮಾಪನಕ್ಕೆ ಆ ದಿನ ಕಲಿಸಿದ ಪದಗಳನ್ನೇ ಕೇಳಿದರೆ ಪರೀಕ್ಷೆಯಾಗುವುದು ನೆನಪಿನ ಶಕ್ತಿ. ಕಲಿಸಿದ ಅಕ್ಷರಗಳಿಂದಲೇ ಆದ, ಕಲಿಸದ ನಾಲ್ಕು ಪದಗಳನ್ನು ಇಟ್ಟುಕೊಳ್ಳಿ: ನ್ಯಾಪ್, ಟ್ಯಾನ್, ಗ್ಯಾಪ್, ಟ್ಯಾಗ್. ಇವುಗಳ ಅರ್ಥ ಗೊತ್ತಿಲ್ಲದೆಯೂ ಮಗು ಓದಬೇಕು. ಓದಿದ ಮೇಲೆ ಅರ್ಥ ಹೇಳಿ. ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಓದಿಸಿ, ಏಕೆಂದರೆ ಗುಂಪಿನ ದನಿಯಲ್ಲಿ ಐದಾರು ಮಂದಿ ಓದಿದರೆ ಮೂವತ್ತು ಮಂದಿ ಓದಿದಂತೆ ಕೇಳಿಸುತ್ತದೆ. ಒಂದೇ ಅವಧಿಯಲ್ಲಿ ಎಲ್ಲರೂ ಆಗುವುದಿಲ್ಲ, ದಿನಕ್ಕೆ ಎಂಟು ಮಕ್ಕಳಂತೆ ಹಂಚಿಕೊಳ್ಳಿ. ದಾಖಲೆ ಪುಸ್ತಕದಲ್ಲಿ ಸರಿ-ತಪ್ಪು ಗುರುತಿಗೆ ಬದಲಾಗಿ ಮಗು ಹೇಳಿದ್ದನ್ನು ಹೇಳಿದಂತೆಯೇ ಬರೆಯಿರಿ. ‘ನೇಪ್’ ಎಂದಿದ್ದರೆ ಅಕ್ಷರದ ಹೆಸರು ಇನ್ನೂ ಬಿಟ್ಟಿಲ್ಲ. ‘ನೆಪ್’ ಎಂದಿದ್ದರೆ ಸ್ವರದ ಅಗಲ ಸಾಲದು, ‘ಪ್ಯಾಟೆ’ಗೆ ಹಿಂದಿರುಗಿ. ‘ನ್ಯಾಟ್’ ಎಂದಿದ್ದರೆ ಕಣ್ಣು ಕೊನೆಯ ಅಕ್ಷರಕ್ಕೆ ಹೋಗಿಲ್ಲ. ಮಾರ್ಗದರ್ಶಕರು ಸಹಿ ಹಾಕುವ ಮೊದಲು ಆ ಪುಟವನ್ನು ಓದಲಿ, ಮರುದಿನದ ಪಾಠಯೋಜನೆ ಅದರಿಂದಲೇ ಹೊರಡಲಿ.